ತಾರಸಿಯ ಮೇಲಿನ ಹದಿನಾಲ್ಕು ಹೆಜ್ಜೆ

ಪದವಿಯ ಎರಡನೇ ವರ್ಷದಲ್ಲಿ ನಾನು ದಿನಕ್ಕೆ ಮೂರು ನಾಲ್ಕು ಗಂಟೆ ನಮ್ಮ ಮನೆಯ ತಾರಸಿಯ ಮೇಲೆ ಶತಪಥ ತಿರುಗುತ್ತಿದ್ದೆ. ಕಿವಿಯಲ್ಲಿ ಇಯರ್‌ಫೋನ್, ಅದರಲ್ಲಿ ಮತ್ತೆ ಮತ್ತೆ ಅದೇ ಹಾಡು. ನೀರಿನ ಟ್ಯಾಂಕಿನಿಂದ ಬಟ್ಟೆ ಒಣಹಾಕುವ ತಂತಿಯವರೆಗೆ ಹದಿನಾಲ್ಕು ಹೆಜ್ಜೆ. ಮಳೆಗಾಲದಲ್ಲಿ ತಾರಸಿಯೆಲ್ಲ ಪಾಚಿಗಟ್ಟಿದರೂ ಆ ಒಂದು ಗೆರೆಯಲ್ಲಿ ಮಾತ್ರ ಸಿಮೆಂಟು ಬೆಳ್ಳಗೆ ಕಾಣುತ್ತಿತ್ತು. ನಾನು ಓದುತ್ತಿದ್ದೇನೆಂದು ಮನೆಯವರು ತಿಳಿದಿದ್ದರು. ತಲೆಯೊಳಗೆ ಒಂದು ಊರಿತ್ತು, ಒಂದು ದೊಡ್ಡ ಕುಟುಂಬವಿತ್ತು, ಮೂರು ತಲೆಮಾರಿನ ಜಗಳವಿತ್ತು, ನಿನ್ನೆ ನಿಲ್ಲಿಸಿದ ದೃಶ್ಯ ಇಂದು ಅಲ್ಲಿಂದಲೇ ಮುಂದುವರಿಯುತ್ತಿತ್ತು. ಒಮ್ಮೆ ಒಣಗಿದ ಬಟ್ಟೆ ತೆಗೆಯಲು ಬಂದ ಅಮ್ಮ "ಯಾರ ಹತ್ರ ಮಾತಾಡ್ತಾ ಇದ್ದೀಯೋ?" ಎಂದು ಕೇಳಿದಾಗಲೇ ನನ್ನ ತುಟಿ ಅಲ್ಲಾಡುತ್ತಿದ್ದುದು ನನಗೆ ತಿಳಿದದ್ದು. ಫೋನಿನಲ್ಲಿ ಎಂದು ಸುಳ್ಳು ಹೇಳಿದೆ.

ಇದಕ್ಕೊಂದು ಹೆಸರಿದೆ ಎಂದು ಗೊತ್ತಾದದ್ದು ಬಹಳ ತಡವಾಗಿ. ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಎಲಿ ಸೋಮರ್ ಅವರು 2002ರಲ್ಲಿ, ತಮ್ಮಲ್ಲಿಗೆ ಚಿಕಿತ್ಸೆಗೆ ಬಂದಿದ್ದ ಆರು ಮಂದಿಯನ್ನು ಕುರಿತು ಬರೆಯುತ್ತ ಇದನ್ನು 'ಮ್ಯಾಲಡಾಪ್ಟಿವ್ ಡೇಡ್ರೀಮಿಂಗ್' ಎಂದು ಕರೆದರು. ಬದುಕಿಗೆ ಅಡ್ಡಬರುವಷ್ಟು ಬೆಳೆದ ಹಗಲುಗನಸು ಎನ್ನಬಹುದು. ಸಂಗೀತದಿಂದ ಶುರುವಾಗುವುದು, ಒಂದೇ ಬಗೆಯ ಓಡಾಟದ ಜೊತೆಗೆ ಸಾಗುವುದು, ಯಾರಾದರೂ ಕರೆದು ಎಬ್ಬಿಸಿದರೆ ಸಿಟ್ಟು ಬರುವುದು, ಇವೆಲ್ಲ ಅದರ ಲಕ್ಷಣಗಳೆಂದು ಓದಿದಾಗ ಯಾರೋ ನಮ್ಮ ತಾರಸಿಯನ್ನು ಇಣುಕಿ ನೋಡಿದಂತಾಯಿತು. ವೈದ್ಯರು ಕಾಯಿಲೆಗಳನ್ನು ಗುರುತಿಸಲು ಬಳಸುವ ಕೈಪಿಡಿಗಳಾದ ಡಿಎಸ್ಎಂ-5ರಲ್ಲಾಗಲಿ ಐಸಿಡಿ-11ರಲ್ಲಾಗಲಿ ಇದು ಪ್ರತ್ಯೇಕ ಕಾಯಿಲೆಯೆಂದು ಸೇರಿಲ್ಲ. ಇದು ಭ್ರಮೆಯೂ ಅಲ್ಲ. ಆ ಊರು ಸುಳ್ಳೆಂದು ನನಗೆ ಪ್ರತಿ ಹೆಜ್ಜೆಯಲ್ಲೂ ಗೊತ್ತಿತ್ತು, ನಾಚಿಕೆ ಹುಟ್ಟಿದ್ದೂ ಅದರಿಂದಲೇ.

ಮನಸ್ಸು ಅಲೆಯುವುದೇ ರೋಗವಾದರೆ ಯಾರೂ ಉಳಿಯುವುದಿಲ್ಲ. 2010ರಲ್ಲಿ ಹಾರ್ವರ್ಡ್‌ನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಅವರು 2250 ಮಂದಿಯನ್ನು ಐಫೋನ್ ಮೂಲಕ ಆಗಾಗ ವಿಚಾರಿಸಿದಾಗ, ಸುಮಾರು ಶೇ. 47ರಷ್ಟು ಸಲ ಅವರ ಮನಸ್ಸು ಕೈಯಲ್ಲಿದ್ದ ಕೆಲಸದ ಮೇಲೆ ಇರಲಿಲ್ಲ. ಆದರೆ ಅದು ತಾನಾಗಿ ಜಾರುವ ಮನಸ್ಸು. ನಾನು ಹೇಳುತ್ತಿರುವುದು ಬಾಗಿಲು ಹಾಕಿಕೊಂಡು, ಹಾಡು ಹಚ್ಚಿಕೊಂಡು, ಬೇಕೆಂದೇ ಹೋಗಿ, ಆಮೇಲೆ ಬೇಕೆಂದರೂ ಹಿಂದಿರುಗಲಾಗದ ಸ್ಥಿತಿಯನ್ನು. ಕಲ್ಪನೆ ಎಷ್ಟು ಉಜ್ವಲವಾಗಿದೆ ಎಂಬುದಕ್ಕಿಂತ, ಅಡುಗೆಮನೆಯಿಂದ ಕರೆದಾಗ ಅದನ್ನು ಕೆಳಗಿಟ್ಟು ಬರಲು ಆಗುತ್ತದೆಯೇ ಎಂಬುದೇ ನನ್ನ ದೃಷ್ಟಿಯಲ್ಲಿ ಮುಖ್ಯ. ಹಳಬರಿಗೆ ಇದರ ಗುಟ್ಟು ಗೊತ್ತಿತ್ತೇನೋ: ಪಂಚದಶಿ ಎಂಬ ವೇದಾಂತ ಗ್ರಂಥದಲ್ಲಿ ವಿದ್ಯಾರಣ್ಯರು ಇದನ್ನು 'ಮನೋರಾಜ್ಯ' ಎಂದು ಕರೆದು, ದೀರ್ಘವಾಗಿ ಪ್ರಣವವನ್ನು, ಅಂದರೆ ಓಂಕಾರವನ್ನು, ಉಚ್ಚರಿಸಿ ಗೆಲ್ಲಬೇಕೆನ್ನುತ್ತಾರೆ. ಗೆಲ್ಲಬೇಕಾದ ರಾಜ್ಯವೆಂದರೆ ಸೋಮಾರಿಗಳ ಹರಟೆಯಂತೂ ಅಲ್ಲ.

ಇದನ್ನು ಸೋಮಾರಿತನವೆಂದು ಬೈಯುವವರಷ್ಟೇ ನನಗೆ ಕಿರಿಕಿರಿ ತರುವವರು, ಪ್ರತಿಭೆಯೆಂದು ಮುದ್ದಿಸುವವರು. "ಅಷ್ಟೆಲ್ಲ ಕಲ್ಪನೆ ಇದ್ದರೆ ಕಾದಂಬರಿ ಬರಿ ಮಾರಾಯ" ಎಂದು ಒಬ್ಬ ಗೆಳೆಯ ಹೇಳಿದ, ಬರೆದೆ. ಎರಡನೇ ಪುಟದಲ್ಲೇ ಕುಟುಂಬವೆಲ್ಲ ಸತ್ತುಬಿದ್ದಿತ್ತು. ಏಕೆಂದರೆ ತಾರಸಿಯ ಮೇಲೆ ಮೊದಲು ಬರುತ್ತಿದ್ದುದು ಭಾವನೆ, ದೃಶ್ಯ ಅದಕ್ಕೆ ತಕ್ಕಂತೆ ಹೆಣೆದುಕೊಳ್ಳುತ್ತಿತ್ತು. ಅಲ್ಲಿದ್ದವರೆಲ್ಲ ನನ್ನನ್ನು ಹೊಗಳಲು, ಇಲ್ಲವೇ ನನಗಾಗಿ ಅಳಲು ಹುಟ್ಟಿದವರು. ಕಾಗದದ ಮೇಲೆ ಅವರಿಗೆ ಸ್ವಂತ ಕೆಲಸವೇ ಇರಲಿಲ್ಲ. ಕಾಲೇಜಿನಲ್ಲಿ ಯಾರೂ ಮಾತಾಡಿಸದ ಹುಡುಗನಿಗೆ ಅವರು ಏಕೆ ಬೇಕಾಗಿದ್ದರೆಂಬುದು ಆಗಲೇ ಅರ್ಥವಾಗತೊಡಗಿತು.

ಈಗ ಆ ಹಾಡು ಫೋನಿನಲ್ಲಿಲ್ಲ. ಯಾವ ಹೊತ್ತಿಗೆ, ಏನಾದ ಮೇಲೆ ಅಲ್ಲಿಗೆ ಹೋಗಬೇಕೆನಿಸಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಹೆಚ್ಚಿನ ಸಾಲುಗಳ ಮುಂದೆ ಯಾವುದಾದರೊಂದು ಅವಮಾನ ಇರುತ್ತದೆ. ಹೋದ ವರ್ಷ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ಹುರುಳಿಕಾಯಿ ನಾರು ಬಿಡಿಸುತ್ತ ಸುಮ್ಮನೆ ಕೇಳಿ, "ನಂಗೂ ಒಂದು ಮನೆ ಇತ್ತು ಕಣೋ, ನಿಮ್ಮಪ್ಪನ್ನ ಮದ್ವೆ ಆದ ಹೊಸದ್ರಲ್ಲಿ" ಎಂದರು. ಅದರಲ್ಲಿ ಯಾರ್ಯಾರು ಇದ್ದರು ಎಂದು ಕೇಳಿದೆ. ಹೇಳಲಿಲ್ಲ.