ಊರು ಒಂದೇ ಎಂದು ಪ್ರಮಾಣ ಮಾಡಿ ಹೇಳುತ್ತೇನೆ

ನಮ್ಮವ್ವನಿಗೆ ನೋವು ಬಂದದ್ದು ಒಂದೇ ಸಲ. ನಾನು ಹುಟ್ಟಿದ್ದೂ ಒಂದೇ ಸಲ. ಆದರೆ ಪಾಸ್‌ಪೋರ್ಟ್ ಪ್ರಕಾರ ನಾನು ಹುಟ್ಟಿದ್ದು ಗುಲ್ಬರ್ಗಾದಲ್ಲಿ, ಜನನ ಪ್ರಮಾಣಪತ್ರದ ಪ್ರಕಾರ ಕಲಬುರಗಿಯಲ್ಲಿ. ಅದೇ ಆಸ್ಪತ್ರೆ, ಅದೇ ಮಂಚ, ಅದೇ ಬಿಸಿಲು. ನಡುವೆ ಆದದ್ದು ಇಷ್ಟೇ. 2014ರ ನವೆಂಬರ್ 1ರಂದು ಸರ್ಕಾರ ಹನ್ನೆರಡು ಊರುಗಳ ಹೆಸರನ್ನು ಒಂದೇ ಏಟಿಗೆ ಬದಲಿಸಿತು. ಮೈಸೂರು, ಮಂಗಳೂರಿನವರಿಗೆ ಇಂಗ್ಲಿಷಿನಲ್ಲಿ ಒಂದೆರಡು ಅಕ್ಷರ ಅತ್ತಿತ್ತ ಆಯಿತು, ಮುಗೀತು. ನಮಗೂ ಬಿಜಾಪುರದವರಿಗೂ ಮಾತ್ರ ಕಂಪ್ಯೂಟರ್ ಕಣ್ಣಿಗೆ ಹೊಸಾ ಊರೇ ಸಿಕ್ಕಿತು.

ಹೆಸರು ಬದಲಿಸಿದ್ದಕ್ಕೆ ನನ್ನ ತಕರಾರಿಲ್ಲ. ಕಲಬುರಗಿ ಚೆಂದದ ಹೆಸರು. ನಮ್ಮಜ್ಜಿ ಸಾಯುವ ತನಕ ‘ಕಲಬುರ್ಗಿ’ ಅಂತಲೇ ಅಂದಳು, ಯಾವ ಗೆಜೆಟ್‌ಗೂ ಕಾಯಲಿಲ್ಲ. ನನ್ನ ತಕರಾರು ಬೇರೆ. ಹೆಸರು ಬದಲಿಸಿದ್ದು ಸರ್ಕಾರ. ಹಳೇ ಊರು, ಹೊಸ ಊರು ಎರಡೂ ಒಂದೇ ಅಂತ ಸಾಬೀತು ಮಾಡುವ ಕೆಲಸ ಮಾತ್ರ ನನ್ನದು. ಅದೂ ಸ್ವಂತ ಖರ್ಚಿನಲ್ಲಿ, ರಜೆ ಹಾಕಿ.

ನಾನಿರುವುದು ನೆದರ್‌ಲ್ಯಾಂಡ್ಸ್‌ನಲ್ಲಿ. ನಮ್ಮಪ್ಪ ಓಣಿಯವರಿಗೆಲ್ಲ ಇನ್ನೂ ‘ಹಾಲೆಂಡ್‌ನಾಗ ಇದಾನ’ ಅಂತಲೇ ಹೇಳುತ್ತಾರೆ. ಹಾಲೆಂಡ್ ಅನ್ನುವ ಹೆಸರನ್ನು ಡಚ್ ಸರ್ಕಾರ 2020ರಿಂದ ತನ್ನ ಪ್ರಚಾರದಲ್ಲಿ ಕೈಬಿಟ್ಟಿದೆ ಅಂದರೆ ಅಪ್ಪ ಒಪ್ಪುವುದಿಲ್ಲ. “ಅಲ್ಲೂ ಇದೇ ರೋಗ ಏನು?” ಅಂತ ಕೇಳುತ್ತಾರೆ.

ಅಲ್ಲಿ ಯಾರಾದರೂ ನಿನ್ನ ಊರು ಯಾವುದು ಅಂತ ಕೇಳಿದರೆ ಮೊದಮೊದಲು ನಾನು ಬೆಂಗಳೂರು ಅನ್ನುತ್ತಿದ್ದೆ. ಸುಮ್ನೆ ಯಾಕೆ ಅವರಿಗೂ ಕಷ್ಟ ಅಂತ. ಕಲಬುರಗಿಯಿಂದ ಬೆಂಗಳೂರಿಗೆ ಆರುನೂರು ಕಿಲೋಮೀಟರ್ ಹತ್ತಿರ ಹತ್ತಿರ. ಅಲ್ಲಿನ ಐಂಡ್‌ಹೋವನ್ ಊರಿನಿಂದ ಅಷ್ಟು ದೂರ ಕಾರು ಓಡಿಸಿದರೆ ಬೆಲ್ಜಿಯಂ ದಾಟಿ, ಪ್ಯಾರಿಸ್ಸನ್ನೂ ಹಿಂದೆ ಹಾಕಿರುತ್ತೀರಿ. ಪ್ಯಾರಿಸ್‌ನವನು ಐಂಡ್‌ಹೋವನ್ ನನ್ನೂರು ಅಂದರೆ ಹೇಗೋ ಹಾಗೆ ನನ್ನ ಸುಳ್ಳು. ಒಮ್ಮೆ ನಾಚಿಕೆಯಾಗಿ ನಿಜ ಹೇಳಿದೆ. ಡಚ್ಚರಿಗೆ ‘ಗ’ ಬರುವುದಿಲ್ಲ, ಗಂಟಲಿನಿಂದ ‘ಖ’ ಅಂತ ಕೆರೆಯುತ್ತಾರೆ. ನಮ್ಮೂರು ‘ಖುಲ್ಬರ್ಖಾ’ ಆಯಿತು. ಖಾಜಾ ಬಂದೇನವಾಜ್ ದರ್ಗಾದ ಸುತ್ತಲಿನ ಗಲ್ಲಿಯಲ್ಲಿ ಬೆಳೆದ ನನಗೆ ಅದು ಅಷ್ಟೇನೂ ಪರಕೀಯ ಅನ್ನಿಸಲಿಲ್ಲ. ಕಲಬುರಗಿ ಅಂದಾಗ ಮಾತ್ರ ಅವರು ಎರಡು ಸಲ ಪ್ರಯತ್ನಿಸಿ, ಕಾಫಿ ತರುತ್ತೇನೆ ಅಂತ ಎದ್ದು ಹೋದರು.

ನನ್ನ ಕೆಲಸ ಐಂಡ್‌ಹೋವನ್‌ನಲ್ಲಿ, ಮನೆ ಅಲ್ಲಿಂದ ರೈಲಿನಲ್ಲಿ ಇಪ್ಪತ್ತು ನಿಮಿಷ ದೂರದ ಡೆನ್ ಬಾಸ್‌ನಲ್ಲಿ. ಎಲ್ಲರೂ ಕರೆಯುವುದು ಡೆನ್ ಬಾಸ್ ಅಂತ. ಆದರೆ ನಿಲ್ದಾಣದ ಬೋರ್ಡಿನಲ್ಲಿ, ಕಾಗದಪತ್ರದಲ್ಲಿ ಅದರ ಹೆಸರು ‘ಸೆರ್ತೋಖೆನ್‌ಬಾಸ್’. ದೊರೆಯ ಕಾಡು ಅಂತ ಅರ್ಥ. ಬರೆಯುವಾಗ ಮೊದಲೊಂದು ಅಪಾಸ್ಟ್ರಫಿ, ಆಮೇಲೆ ಎಸ್, ಆಮೇಲೆ ಹೈಫನ್, ಅಲ್ಲಿಂದ ಮುಂದೆ ಉಸಿರು ಬಿಗಿಹಿಡಿದು ಹದಿಮೂರು ಅಕ್ಷರ. ಬಂದ ವರ್ಷ ನಾನು ಎರಡು ದಿನ ಇವು ಎರಡು ಬೇರೆ ಊರು ಅಂತಲೇ ತಿಳಿದಿದ್ದೆ. ಮೊದಲ ದಿನ ಡೆನ್ ಬಾಸ್ ಬರಲಿ ಅಂತ ಕಾಯುತ್ತಾ ಕೂತು ಮುಂದಿನ ಊರಿಗೆ ಹೋಗಿಬಿಟ್ಟಿದ್ದೆ.

ಅಂಥ ಊರಿನ ನಗರಸಭೆಯ ಕೌಂಟರ್‌ನಲ್ಲಿ ಕೂತ ಹೆಂಗಸಿನ ಮುಂದೆ ನನ್ನ ಕಾಗದ ಇಟ್ಟೆ. ಅಲ್ಲಿ ನೆಲೆಸಲು ಬಂದವರು ಹೆಸರು ನೋಂದಾಯಿಸುವಾಗ ಜನನ ಪ್ರಮಾಣಪತ್ರ ತೋರಿಸಬೇಕು, ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ನಂಬಲಿ ಅಂತ ಹಾಕುವ ಅಪಾಸ್ಟಿಲ್ ಅನ್ನುವ ಮುದ್ರೆ ಅದಕ್ಕೆ ಇರಬೇಕು. ಆ ಮುದ್ರೆಯನ್ನು ಒಪ್ಪುವ ದೇಶಗಳ ಒಪ್ಪಂದ ಭಾರತಕ್ಕೆ ಜಾರಿಯಾದದ್ದು 2005ರಲ್ಲಿ. ಆಕೆ ಮುದ್ರೆ ನೋಡಿದಳು, ಸರಿ. ಪಾಸ್‌ಪೋರ್ಟ್ ನೋಡಿದಳು, ಗುಲ್ಬರ್ಗಾ. ಪ್ರಮಾಣಪತ್ರ ನೋಡಿದಳು, ಕಲಬುರಗಿ. ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದಳು.

“ನೀವು ಎಲ್ಲಿ ಹುಟ್ಟಿದ್ದು?”

“ಎರಡೂ ಕಡೆ,” ಅಂದೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಅದೇ.

ಆಕೆ ಕಂಪ್ಯೂಟರಿನಲ್ಲಿ ಏನೋ ಹುಡುಕಿದಳು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. “ಓ, ನಮ್ಮ ಡೆನ್ ಬಾಸ್ ಥರ,” ಅಂದವಳೇ ಕಾಗದ ಒಳಗೆ ತಗೊಂಡಳು. ಹೇಗ್ ನಗರವೂ ಹಾಗೇ ಅಂತೆ. ಊರಿಗೆ ಊರೇ ಅದನ್ನು ಡೆನ್ ಹಾಗ್ ಅನ್ನುತ್ತದೆ, ಅಲ್ಲಿ ಹುಟ್ಟಿದವರ ಪಾಸ್‌ಪೋರ್ಟ್ ಮಾತ್ರ ‘ಸ್ಖ್ರಾವೆನ್‌ಹಾಖೆ’ ಅನ್ನುತ್ತದೆ. ಯಾರೂ ಯಾರಿಗೂ ಅಫಿಡವಿಟ್ ಕೇಳುವುದಿಲ್ಲ. ನಾನು ಹೊರಗೆ ಬಂದು ಸೈಕಲ್ ಬೀಗ ತೆಗೆಯುವಾಗ ಕೈ ಸ್ವಲ್ಪ ನಡುಗುತ್ತಿತ್ತು. ಇಷ್ಟು ಬೇಗ ಕೆಲಸ ಆಗಿ ಅಭ್ಯಾಸವಿಲ್ಲ.

ಅಭ್ಯಾಸ ತಪ್ಪದಂತೆ ನೋಡಿಕೊಂಡದ್ದು ನಮ್ಮ ದೇಶದ್ದೇ ಒಂದು ಕೌಂಟರ್. ಯಾವುದು ಅಂತ ಹೇಳುವುದಿಲ್ಲ, ಅಲ್ಲಿ ಇನ್ನೂ ಮಗನ ಕೆಲಸ ಬಾಕಿ ಇದೆ. ಆ ಕೌಂಟರಿನ ಹಿಂದಿದ್ದ ಮಹಾಶಯರು ಅಪ್ಪಟ ಕನ್ನಡಿಗರು. ದಾವಣಗೆರೆ ಕಡೆಯವರಂತೆ ಮಾತಾಡುತ್ತಿದ್ದರು. ಕಾಗದ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ತಲೆ ಅಲ್ಲಾಡಿಸಿದರು.

“ಮಿಸ್‌ಮ್ಯಾಚ್ ಇದೆ.”

“ಸರ್, ಗುಲ್ಬರ್ಗಾನೇ ಕಲಬುರಗಿ. ನಿಮಗೆ ಗೊತ್ತಲ್ವಾ?”

“ನನಗೆ ಗೊತ್ತು. ಸಿಸ್ಟಮ್‌ಗೆ ಗೊತ್ತಿಲ್ಲ.”

ಸಿಸ್ಟಮ್‌ಗೆ ಗೊತ್ತಾಗಲು ಏನು ಮಾಡಬೇಕು? ಎರಡೂ ಊರು ಒಂದೇ ಅಂತ ನಾನು ಅಫಿಡವಿಟ್ ಕೊಡಬೇಕು. ಸರ್ಕಾರ ಅಧಿಸೂಚನೆ ಹೊರಡಿಸಿದೆಯಲ್ಲ ಅಂದೆ. ಮೊಬೈಲಿನಲ್ಲಿ ತೋರಿಸಿಯೂ ಬಿಟ್ಟೆ. ಅವರು ಅದನ್ನು ಮದುವೆ ಆಲ್ಬಮ್ ನೋಡುವವರ ಹಾಗೆ ಬೆರಳಿನಿಂದ ಸರಿಸಿ ವಾಪಸ್ ಕೊಟ್ಟರು. “ಇದು ಸರ್ಕಾರ ಹೇಳಿದ್ದು. ನೀವು ಹೇಳಬೇಕು.” ಪ್ರಜಾಪ್ರಭುತ್ವ ಅಂದರೆ ಇಷ್ಟು ಆಳವಾದದ್ದು ಅಂತ ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ.

ಹೇಗೂ ಮೇ ತಿಂಗಳಿಗೆ ಊರಿಗೆ ಹೊರಟಿದ್ದೆ. ಮೇ ತಿಂಗಳಲ್ಲಿ ಕಲಬುರಗಿಗೆ ಹೋಗುವವನಿಗೆ ಬುದ್ಧಿ ಕಡಿಮೆ ಅಥವಾ ಕೋರ್ಟಿನ ಕೆಲಸ ಜಾಸ್ತಿ. ನಲವತ್ಮೂರು ಡಿಗ್ರಿ. ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಟೈಪ್ ಮಾಡುವವರು ಲ್ಯಾಪ್‌ಟಾಪ್ ಹಿಡಿದು ಕೂತಿದ್ದರು. ಅದಕ್ಕೆ ಒದ್ದೆ ಟವೆಲ್ ಸುತ್ತಿದ್ದರು, ಅದಕ್ಕೂ ಬಿಸಿಲು ತಾಗಬಾರದಲ್ಲ. ನನ್ನ ಕಥೆ ಅರ್ಧ ಕೇಳುವಷ್ಟರಲ್ಲೇ ಟೈಪಿಸ್ಟಿಗೆ ಅರ್ಥವಾಯಿತು.

“ಹೆಸ್ರು ಬದಲಿ ಕೇಸ್ ಅದರಿ. ಫಾರ್ಮ್ಯಾಟ್ ಅದ ನಮ್ಹಂತೇಲಿ. ಕೂಡ್ರಿ.”

ಕೂತೆ. ಒಂದು ತಟ್ಟೆ ಸುಸ್ಲಾ, ಎರಡು ಮಿರ್ಚಿ ಮುಗಿಯುವಷ್ಟರಲ್ಲಿ ನೂರು ರೂಪಾಯಿಯ ಇ-ಸ್ಟಾಂಪ್ ಪೇಪರಿನ ಮೇಲೆ ನನ್ನ ಪ್ರಮಾಣ ಅಚ್ಚಾಗಿ ಬಂತು. ಓದಿದೆ. ‘ಮದುವೆಗೆ ಮುಂಚೆ ಗುಲ್ಬರ್ಗಾ ಎಂದು ಕರೆಯಲ್ಪಡುತ್ತಿದ್ದು, ಮದುವೆಯ ನಂತರ ಕಲಬುರ್ಗಿ ಎಂಬ ಹೆಸರಿನಿಂದ ಗುರುತಿಸಲ್ಪಡುವ’ ಅಂತ ಶುರುವಾಗಿತ್ತು. ಗಂಡನ ಮನೆಗೆ ಹೋದ ಹೆಣ್ಣುಮಕ್ಕಳ ಫಾರ್ಮ್ಯಾಟ್.

“ಇದೇನ್ರಿ, ಊರಿಗಿ ಯಾರ ಜೋಡಿ ಮದುವಿ ಆಯ್ತು?”

“ಸರ್ಕಾರದ ಜೋಡಿ,” ಅಂದ, ತಲೆ ಎತ್ತದೆ. “ತವರುಮನಿ ಹೆಸ್ರು ತಗದು ಗಂಡನ ಮನಿ ಹೆಸ್ರು ಇಟ್ಟಾರ. ಹಂಗೇ ಬಿಡ್ರಿ, ನಡೀತದ.”

ಅದನ್ನು ಬೇಕಾದರೆ ಬಿಡಬಹುದಿತ್ತು, ಉಪಮೆ ಚೆನ್ನಾಗಿತ್ತು. ಆದರೆ ಅವನು ‘ಕಲಬುರಗಿ’ ಬದಲು ‘ಕಲಬುರ್ಗಿ’ ಅಂತ ಹೊಡೆದಿದ್ದ. ಇಂಗ್ಲಿಷ್ ಪ್ರತಿಯಲ್ಲೂ ಎರಡು ‘ಎ’ ನುಂಗಿದ್ದ. ಈಗ ಮೂರು ಊರಾಯಿತು. ನಮ್ಮ ಕಡೆ ಕಲಬುರ್ಗಿ ಅನ್ನುವುದು ಅಡ್ಡಹೆಸರೂ ಹೌದಾದ್ದರಿಂದ ಊರಿನ ಜೊತೆ ಒಬ್ಬ ಮನುಷ್ಯನೂ ಸೇರಿಕೊಂಡ ಹಾಗಾಯಿತು. ಮತ್ತೆ ಹೊಡಿ ಅಂದೆ. ಮತ್ತೊಂದು ಸ್ಟಾಂಪ್ ಪೇಪರ್, ಮತ್ತೆ ನೂರು.

ಬೆಂಚಿನ ಇನ್ನೊಂದು ತುದಿಯಲ್ಲಿ ಕೆನಡಾಕ್ಕೆ ಹೊರಟ ಹುಡುಗನೊಬ್ಬ ತನ್ನ ಅಂಕಪಟ್ಟಿ ಹಿಡಿದು ಕೂತಿದ್ದ. ಅದರ ನೆತ್ತಿಯ ಮೇಲೆ ‘ಗುಲಬರ್ಗಾ ವಿಶ್ವವಿದ್ಯಾಲಯ, ಕಲಬುರಗಿ’. ಒಂದೇ ಸಾಲು, ನಡುವೆ ಒಂದು ಅಲ್ಪವಿರಾಮ, ಅದರ ಈಚೆ ಹಳೇ ಊರು, ಆಚೆ ಹೊಸ ಊರು. ವಿಶ್ವವಿದ್ಯಾಲಯ ಒಂದೂರಿನದು, ಇರುವುದು ಇನ್ನೊಂದೂರಲ್ಲಿ, ಹಾಗಾದರೆ ನೀನು ಓದಿದ್ದು ಎಲ್ಲಿ ಅಂತ ಯಾರೋ ಅವನನ್ನು ಕೇಳಿದ್ದಾರಂತೆ. ಪಾಪ, ಅವನ ತಪ್ಪೇನು? ಊರೇ ಇನ್ನೂ ಮನಸ್ಸು ಮಾಡಿಲ್ಲ. ನಾವು ಇರುವುದು ಕಲಬುರಗಿಯಲ್ಲಿ, ಎಂಪಿ ಆರಿಸುವುದು ಗುಲ್ಬರ್ಗಾ ಕ್ಷೇತ್ರಕ್ಕೆ. ಕರೆಂಟ್ ಬರುವುದು ಜೆಸ್ಕಾಂನಿಂದ, ಇಂಗ್ಲಿಷಿನಲ್ಲಿ ಅದರ ಮೊದಲ ಅಕ್ಷರ ‘ಜಿ’ ಗುಲ್ಬರ್ಗಾದ್ದೇ. ಇವೆಲ್ಲ ಹಳೇ ಸಾಮಾನು, ಇರಲಿ. ವಿಮಾನ ನಿಲ್ದಾಣ ಶುರುವಾದದ್ದು 2019ರ ನವೆಂಬರಿನಲ್ಲಿ, ನಾಮಕರಣ ಮುಗಿದು ಐದು ವರ್ಷದ ಮೇಲೆ. ಹೆಸರು ಕಲಬುರಗಿ ವಿಮಾನ ನಿಲ್ದಾಣ, ಕೋಡ್ ಮಾತ್ರ ಜಿಬಿಐ. ಅದೇ ವರ್ಷ ನಮ್ಮ ತೊಗರಿಬೇಳೆಗೆ ಭೌಗೋಳಿಕ ಗುರುತು ಬಂತು. ಯಾವ ಹೆಸರಿನಲ್ಲಿ? ಗುಲ್ಬರ್ಗಾ ತೊಗರಿಬೇಳೆ. ಅದೇ ವರ್ಷ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಬೇಳೆಗೆ ಹಳೇ ಹೆಸರು, ಬೇಳೆ ಬೆಳೆಯುವ ಹೊಲಕ್ಕೆ ಹೊಸ ಹೆಸರು, ಬೆಳೆದವನಿಗೆ ರೇಟು ಮಾತ್ರ ಯಾವ ಹೆಸರಿನಲ್ಲೂ ಸಿಗಲಿಲ್ಲ. (ಇದು ನನ್ನ ಸೋದರಮಾವನ ಮಾತು. ಅವರಿಗೆ ಚಿತ್ತಾಪುರದ ಹತ್ತಿರ ಹನ್ನೆರಡು ಎಕರೆ ತೊಗರಿ ಇದೆ, ಸಿಟ್ಟೂ ಅಷ್ಟೇ ಇದೆ.)

ಎರಡನೇ ಪ್ರತಿ ಸರಿಯಾಗಿ ಬಂತು. ನೋಟರಿ ಹತ್ತಿರ ಹೋದೆ. ವಯಸ್ಸಾದವರು, ಕರಿ ಕೋಟು ಕುರ್ಚಿಗೆ ತೂಗುಹಾಕಿ ಬನಿಯನ್ ಮೇಲೆ ಬಿಳಿ ಅಂಗಿ ತೊಟ್ಟು ಕೂತಿದ್ದರು. ಪೂರ್ತಿ ಓದಿದರು. ಇಬ್ಬರು ಸಾಕ್ಷಿ ಬೇಕು ಅಂದರು.

“ಸಾಕ್ಷಿ ಯಾವುದಕ್ಕ್ರಿ?”

“ನೀವು ನೀವೇ ಅಂತ ಹೇಳ್ಲಿಕ್ಕ.”

“ಮತ್ತ ಊರು ಊರೇ ಅಂತ ಯಾರು ಹೇಳ್ತಾರ?”

“ಅದು ನೀವ್ ಹೇಳ್ಲಕತ್ತೀರಲ್ರಿ.”

ಹೀಗಾಗಿ ಚಹಾದಂಗಡಿಯವನು ನನಗೆ ಸಾಕ್ಷಿಯಾದ. ಅವನ ಪಕ್ಕದಲ್ಲಿದ್ದ ಆಟೋದವನು ಅವನ ಮುಖ ನೋಡಿ ಸಾಕ್ಷಿಯಾದ. ನಾನು 1347ರಲ್ಲಿ ಬಹಮನಿ ಸುಲ್ತಾನ ರಾಜಧಾನಿ ಮಾಡಿಕೊಂಡ ಊರಿಗೆ ಸಾಕ್ಷಿಯಾದೆ. ಆರೂವರೆ ನೂರು ವರ್ಷದ ಮೇಲಿನ ಊರು, ಕೋಟೆಯಿದೆ, ಜಾಮಿ ಮಸೀದಿಯಿದೆ, ಶರಣಬಸವೇಶ್ವರ ಗುಡಿಯಿದೆ. ಆದರೂ ತಾನು ತಾನೇ ಅಂತ ಹೇಳಿಕೊಳ್ಳಲು ಅದಕ್ಕೆ ರಜೆಯ ಮೇಲೆ ಬಂದ ಒಬ್ಬ ಸಾಫ್ಟ್‌ವೇರ್ ನೌಕರನ ಸಹಿ ಬೇಕಾಯಿತು.

ನೋಟರಿ ಡ್ರಾಯರ್ ತೆಗೆದು ರಬ್ಬರ್ ಸ್ಟಾಂಪ್ ಹೊರತಂದರು. ಹಿಡಿಕೆಗೆ ದಾರ ಸುತ್ತಿದ ಹಳೇ ಸ್ಟಾಂಪ್. ನೇರಳೆ ಇಂಕಿನ ಡಬ್ಬಿಯಲ್ಲಿ ಅದ್ದಿ, ಬಾಯಿಂದ ಒಮ್ಮೆ ಹಾ ಅಂತ ಊದಿ, ಕಾಗದದ ಮೇಲೆ ಒತ್ತಿದರು. ಎತ್ತಿದ ಮೇಲೆ ನೋಡಿದೆ. ಅವರ ಹೆಸರು, ಅದರ ಕೆಳಗೆ ನೋಟರಿ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಗುಲ್ಬರ್ಗಾ’.

ನಾನು ಸ್ಟಾಂಪನ್ನೂ ಅವರನ್ನೂ ನೋಡಿದೆ.

“ಗಟ್ಟಿ ಅದರಿ ಸ್ಟಾಂಪ್,” ಅಂದರು. “ಮುರಿಯೋತನ ಯಾಕ ಒಗೀಬೇಕು?”

ಆ ಕಾಗದ ಒಪ್ಪಿತವಾಯಿತು. ಗುಲ್ಬರ್ಗಾ ಈಗ ಕಲಬುರಗಿ ಅಂತ ಗುಲ್ಬರ್ಗಾದ ನೋಟರಿ ದೃಢೀಕರಿಸಿದ್ದನ್ನು ಸಿಸ್ಟಮ್ ಖುಷಿಯಿಂದ ನುಂಗಿತು.

ಈ ವರ್ಷ ಡೆನ್ ಬಾಸ್‌ನಲ್ಲಿ ನಮಗೆ ಮಗ ಹುಟ್ಟಿದ. ಅಲ್ಲಿ ಮೂರು ದಿನದೊಳಗೆ ನಗರಸಭೆಗೆ ಹೋಗಿ ತಿಳಿಸಬೇಕು. ಎರಡನೇ ದಿನ ಹೋದೆ, ಹದಿನೈದು ನಿಮಿಷದಲ್ಲಿ ಕಾಗದ ಕೈಗೆ ಬಂತು. ಹುಟ್ಟಿದ ಸ್ಥಳದ ಜಾಗದಲ್ಲಿ ಅಪಾಸ್ಟ್ರಫಿ, ಎಸ್, ಹೈಫನ್ ಸಮೇತ ಊರಿನ ಪೂರ್ತಿ ಹೆಸರಿತ್ತು. ಮಗನ ಪಾಸ್‌ಪೋರ್ಟಿಗೆ ಅಂತ ಮನೆಯಲ್ಲಿ ಕೂತು ನಮ್ಮ ಕಡೆಯ ಅರ್ಜಿ ತುಂಬಿದೆ. ಅಪಾಸ್ಟ್ರಫಿ ಹೊಡೆದೆ, ಕೆಂಪು ಅಕ್ಷರದಲ್ಲಿ ಬೈಯಿತು. ಹೈಫನ್ ಹೊಡೆದೆ, ಮತ್ತೆ ಬೈಯಿತು. ಎರಡನ್ನೂ ಬಿಟ್ಟು, ಎಸ್ ಒಂದನ್ನು ಅನಾಥನ ಹಾಗೆ ಮುಂದೆ ನಿಲ್ಲಿಸಿ ಬರೆದೆ, ತಗೊಂಡಿತು. ಕೌಂಟರಿಗೆ ಒಯ್ದೆ. ಅದೇ ಮಹಾಶಯರು. ಎರಡು ಕಾಗದ ಪಕ್ಕಪಕ್ಕ ಇಟ್ಟುಕೊಂಡರು.

ಅವತ್ತು ಸಂಜೆಯೇ ನೋಟರಿಯವರಿಗೆ ಫೋನ್ ಮಾಡಿದೆ. ಊರಿನ ಹೆಸರು ಹೇಳಿದೆ, ಎರಡು ಸಲ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಡ್ರಾಯರ್ ಎಳೆದ ಸಪ್ಪಳ ಕೇಳಿಸಿತು.

“ಕಳಸ್ರಿ, ಮಾಡೋಣು. ಸ್ಟಾಂಪ್ ಇನ್ನ ಗಟ್ಟಿ ಅದ.”