ಸತ್ಯಾಂಶ: ವ್ಯಾಕ್ಸ್ ಹಚ್ಚಿದರೆ ಡಿಂಗಿ (ಚಿಕ್ಕ ಹಾಯಿದೋಣಿ) ವೇಗವಾಗಿ ಓಡುತ್ತದೆಯೇ?

"ರೇಸಿಗೆ ಮೊದಲು ದೋಣಿಯ ತಳಕ್ಕೆ ವ್ಯಾಕ್ಸ್ ಹಚ್ಚಿ, ನೀರು ಜಾರಿ ವೇಗ ಜಾಸ್ತಿಯಾಗುತ್ತದೆ" ಎಂಬ ಸಂದೇಶ ಹಾಯಿದೋಣಿಯವರ ನಡುವೆ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತದೆ. ಇದು ನಿಜವಲ್ಲ.

ವ್ಯಾಕ್ಸ್ ಮೇಲೆ ನೀರು ಹನಿಹನಿಯಾಗಿ ಉರುಳುವುದು ದೋಣಿ ದಡದಲ್ಲಿದ್ದಾಗ. ತಳ ಪೂರ್ತಿ ಮುಳುಗಿದಾಗ ಅದಕ್ಕೆ ತಾಗಿದ ತೆಳು ನೀರಿನ ಪದರ ದೋಣಿಯ ಜೊತೆಗೇ ಸಾಗುತ್ತದೆ, ವ್ಯಾಕ್ಸ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ನಿಜಕ್ಕೂ ವೇಗ ತಿನ್ನುವುದು ಗೀರು, ಪಾಚಿ, ಕೊಳೆ. ಸೋಪು ನೀರಲ್ಲಿ ತೊಳೆಯಿರಿ, ಗೀರು ತುಂಬಿಸಿ. ವ್ಯಾಕ್ಸ್ ಬಿಸಿಲಿನಿಂದ ಮೇಲ್ಮೈ ಕಾಪಾಡುತ್ತದೆ, ಅದು ಒಳ್ಳೆಯದೇ.

ಆದರೆ ಸುಮ್ನೆ ಏನೇನೋ ಹಚ್ಚಬೇಡಿ. ನೀರಿನ ಹರಿವನ್ನು ಸುಧಾರಿಸಲು ಪಾಲಿಮರ್‌ನಂಥ ವಸ್ತು ಬಿಡುಗಡೆ ಮಾಡುವುದನ್ನು ಹಾಯಿದೋಣಿ ರೇಸಿಂಗ್ ನಿಯಮಗಳ 53ನೇ ನಿಯಮ ನಿಷೇಧಿಸುತ್ತದೆ. ತಳವನ್ನು ಮರಳು ಕಾಗದದಿಂದ ಉಜ್ಜುವ ಮೊದಲಂತೂ ನಿಮ್ಮ ಕ್ಲಾಸ್ ಸಂಘದ (ಒಂದೇ ಮಾದರಿಯ ದೋಣಿಗಳವರ ಸಂಘ) ನಿಯಮ ಓದಲೇಬೇಕು.