ಐದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ

'ವ್ಯಾಯಾಮ ಮಾಡೋಕೆ ಟೈಮೇ ಇಲ್ಲ' ಅನ್ನುವವರನ್ನು ಸೋಮಾರಿಗಳು ಅಂತ ಬೈಯುವುದು ನನಗೆ ಸರಿ ಕಾಣುವುದಿಲ್ಲ. ಕೆಲಸ, ಓಡಾಟ, ಮಕ್ಕಳು, ವಯಸ್ಸಾದ ಅಪ್ಪ ಅಮ್ಮ, ಇಷ್ಟೆಲ್ಲ ನೋಡಿಕೊಳ್ಳುವವರಿಗೆ ದಿನಕ್ಕೆ ಒಂದು ಗಂಟೆ ನಿಜವಾಗಿಯೂ ಸಿಗುವುದಿಲ್ಲ. ಅಂಥವರಿಗೆ 'ಬೆಳಿಗ್ಗೆ ನಾಲ್ಕೂವರೆಗೆ ಎದ್ದುಬಿಡಿ' ಅಂತ ಸಲಹೆ ಕೊಡುತ್ತಾರೆ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು, ಅದನ್ನೇ ಕತ್ತರಿಸಿ ಬೆವರು ಹರಿಸಿದರೆ ಏನು ಬಂತು?

ಒಂದು ಗಂಟೆ ಒಟ್ಟಿಗೇ ಸಿಗಬೇಕು ಅಂತ ಯಾರೂ ಕೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಅಂದರೆ ಮಾತಾಡೋಕೆ ಆಗುತ್ತೆ ಆದರೆ ಹಾಡೋಕೆ ಉಸಿರು ಸಾಲಲ್ಲ ಅನ್ನುವಷ್ಟು. 2010ರ ಸೂಚನೆಯಲ್ಲಿ ಒಂದೇ ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಮಾಡಬೇಕು ಅಂತಿತ್ತು. 2020ರಲ್ಲಿ ಆ ಷರತ್ತನ್ನೇ ತೆಗೆದುಹಾಕಿದರು. ಇದು ಎಷ್ಟು ದೊಡ್ಡ ವಿಷಯ, ಆದರೂ ಎಷ್ಟು ಜನರಿಗೆ ಗೊತ್ತಿದೆ ಹೇಳಿ! ಸರಸರನೆ ಮೆಟ್ಟಿಲು ಹತ್ತಿದ್ದು, ಫೋನಿನಲ್ಲಿ ಮಾತಾಡುತ್ತಾ ಬಿರುಸಾಗಿ ನಡೆದದ್ದು, ಎಲ್ಲವೂ ಲೆಕ್ಕಕ್ಕೆ ಸೇರುತ್ತದೆ. ಊಟ ಆದ ಕೂಡಲೇ ಸ್ವಲ್ಪ ಹೊತ್ತು ನಡೆದರೆ ರಕ್ತದಲ್ಲಿ ಸಕ್ಕರೆ ಏರುವುದೂ ಕಡಿಮೆಯಾಗುತ್ತದೆ.

ನಡಿಗೆಯೊಂದೇ ಸಾಕು ಅಂದುಕೊಳ್ಳುವವರು ಜಾಸ್ತಿ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೂವತ್ತು ದಾಟಿದ ಮೇಲೆ ಸ್ನಾಯು ನಿಧಾನಕ್ಕೆ ಕರಗತೊಡಗುತ್ತದೆ. ಅದಕ್ಕೇ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಿ ಅನ್ನುವುದು. ಒಂದಷ್ಟು ಬಸ್ಕಿ, ಗೋಡೆಗೆ ಕೈಯೂರಿ ಪುಶ್‌ಅಪ್, ಬಸ್ಕಿ ಆಗದಿದ್ದರೆ ಕುರ್ಚಿಯಿಂದ ಕೈ ಹಿಡಿಯದೆ ಎದ್ದು ಕೂರುವುದು. ಇದಕ್ಕೆ ಬಟ್ಟೆ ಬದಲಿಸಬೇಕಾಗಿಲ್ಲ, ಜಿಮ್ಮೂ ಬೇಡ. ಎದೆನೋವು, ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿಯೇ ಶುರು ಮಾಡಿ.

ಇನ್ನು ಊಟ. ಸುಸ್ತಾಗಿ ಮನೆಗೆ ಬಂದವರು ಕೈಗೆ ಸಿಕ್ಕಿದ್ದನ್ನು ತಿನ್ನುತ್ತಾರೆ, ಆ ಹೊತ್ತಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ಉಪದೇಶ ಮಾಡಿ ಉಪಯೋಗವಿಲ್ಲ. ಹಾಗಾಗಿ ಕೈಗೆ ಏನು ಸಿಗಬೇಕು ಅನ್ನುವುದನ್ನು ಬಿಡುವಿದ್ದಾಗಲೇ ಯೋಚಿಸಬೇಕು. ಬೇಯಿಸಿಟ್ಟ ಕಾಳು, ಹೆಚ್ಚಿಟ್ಟ ತರಕಾರಿ, ಕಣ್ಣಿಗೆ ಬೀಳುವ ಜಾಗದಲ್ಲಿ ಹಣ್ಣು ಇಷ್ಟಿದ್ದರೆ ಅರ್ಧ ಕೆಲಸ ಮುಗಿಯಿತು. ತರಕಾರಿ, ಹಣ್ಣು ಸೇರಿ ದಿನಕ್ಕೆ 400 ಗ್ರಾಂ ಆಗಬೇಕು. ಎಲ್ಲಕ್ಕಿಂತ ಸುಲಭವಾಗಿ ಬಿಡಬಹುದಾದದ್ದು ಸಿಹಿ ಪಾನೀಯ. 330 ಮಿಲಿಯ ಒಂದು ಕೋಲಾ ಕ್ಯಾನಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, 2000 ಕ್ಯಾಲೊರಿ ತಿನ್ನುವವರಿಗೆ ಇಡೀ ದಿನದ ಮಿತಿಯೇ 50 ಗ್ರಾಂ.

ಒಂದು ಮಾತು ಹೇಳಲೇಬೇಕು. ಈ ಹೆಚ್ಚುವುದು, ಬೇಯಿಸಿಡುವುದು ಎಲ್ಲ ಮನೆಯ ಒಬ್ಬರ ತಲೆಗೇ ಬಿದ್ದರೆ ಉಳಿದವರ ಆರೋಗ್ಯ ಸುಧಾರಿಸುತ್ತದೆ, ಅವರಿಗೆ ಮಾತ್ರ ಆ ಐದು ನಿಮಿಷವೂ ಸಿಗುವುದಿಲ್ಲ. ದಯವಿಟ್ಟು ಮನೆಯಲ್ಲಿ ಎಲ್ಲರೂ ಕೂತು ಮಾತಾಡಿ, ಯಾರು ಯಾವ ದಿನ ಅಡುಗೆಮನೆ ನೋಡಿಕೊಳ್ಳುತ್ತೀರಿ ಅಂತ ಈ ವಾರವೇ ಹಂಚಿಕೊಳ್ಳಿ.